ಹತ್ತನೇ ಹಾಡು

ಹೋದ ವಾರ ನಮ್ಮ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಮೇಲೆ ಕಂಪ್ಯೂಟರ್ ಓಡುತ್ತಿತ್ತು, ಎಸಿ ಇಲ್ಲ. ಬಾಗಿಲು ತೆರೆದಿಟ್ಟು ನಾನೂ, ನಮ್ಮಲ್ಲಿ ಕೆಲಸ ಕಲಿಯೋಕೆ ಬಂದಿರುವ ಹುಡುಗನೂ ಸುಮ್ನೆ ಕೂತಿದ್ದೆವು. ಅವನ ಫೋನಿನಲ್ಲಿ ಅಮೆರಿಕದ ರಾಪರ್ ಕಾನ್ಯೆ ವೆಸ್ಟ್‌ನ ಹಾಡುಗಳು ಒಂದಾದ ಮೇಲೊಂದು ಬರುತ್ತಿದ್ದವು. ಒಂದು ಹಾಡು ಶುರುವಾಗಿ ಹತ್ತು ಸೆಕೆಂಡೂ ಆಗಿರಲಿಲ್ಲ, ಹುಡುಗ ಮುಖ ಕಿವುಚಿ ಬೆರಳು ಮುಂದೆ ಮಾಡಿದ.

‘ಇರಲಿ ಬಿಡೋ’ ಅಂದೆ.

‘ಇದಾ ಸರ್? ಇದು ಆ ಆಲ್ಬಮ್ಮಿನಲ್ಲೇ ಡಬ್ಬಾ ಹಾಡು ಅಲ್ವಾ?’

ಹಾಡು ‘ಸೀ ಯೂ ಇನ್ ಮೈ ನೈಟ್‌ಮೇರ್ಸ್’. ಕಾನ್ಯೆ ವೆಸ್ಟ್ ಮತ್ತು ಇನ್ನೊಬ್ಬ ರಾಪರ್ ಲಿಲ್ ವೇಯ್ನ್ ಇಬ್ಬರೂ ಸೇರಿ ಹಾಡಿದ್ದು. 2008ರ ನವೆಂಬರಿನಲ್ಲಿ ಬಂದ ‘808ಎಸ್ ಅಂಡ್ ಹಾರ್ಟ್‌ಬ್ರೇಕ್’ ಆಲ್ಬಮ್ಮಿನ ಹತ್ತನೇ ಹಾಡು. ಹುಡುಗ ಹೇಳಿದ್ದು ಅವನ ಸ್ವಂತ ಮಾತೇನಲ್ಲ. ಆಗಲೂ ಬಹಳ ವಿಮರ್ಶಕರು ಹೆಚ್ಚುಕಮ್ಮಿ ಇದನ್ನೇ ಹೇಳಿದ್ದರು. ಕೆಲವರು ಇಬ್ಬರ ಜೋಡಿ ಚೆನ್ನಾಗಿದೆ ಅಂದರು. ಉಳಿದವರು ಇಬ್ಬರ ಗಂಟಲಿಗೂ ಆಟೊ-ಟ್ಯೂನ್ ಅನ್ನೋ ಸ್ವರ ತಿದ್ದುವ ಯಂತ್ರ ಕಟ್ಟಿದ್ದು ಸಾಕಪ್ಪಾ ಸಾಕು ಅಂದರು. ನಾನೂ ಎಷ್ಟೋ ವರ್ಷ ಈ ಹಾಡು ಬಂದರೆ ಮುಂದಕ್ಕೆ ಓಡಿಸುತ್ತಿದ್ದವನೇ. ಈಗಲೂ ಇದು ದೊಡ್ಡ ಹಾಡು ಅಂತ ನಾನು ವಾದ ಮಾಡುವುದಿಲ್ಲ. ಆದರೆ ಡಬ್ಬಾ ಅಂತ ಹೇಳೋಕೆ ಬಾಯಿ ಬರುತ್ತಿಲ್ಲ. ಯಾಕೆ ಅಂತ ಅವತ್ತು ಹುಡುಗನಿಗೆ ಸರಿಯಾಗಿ ಹೇಳಲಾಗಲಿಲ್ಲ, ಅಷ್ಟರಲ್ಲಿ ಕರೆಂಟ್ ಬಂತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಈ ಆಲ್ಬಮ್ ಮೊದಲು ಕೇಳಿದ್ದು 2009ರಲ್ಲಿ, ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ. ರೂಮ್‌ಮೇಟ್ ಒಬ್ಬನ ನೋಕಿಯಾ ಫೋನಿನಿಂದ ಬ್ಲೂಟೂತ್‌ನಲ್ಲಿ ಎಳೆದುಕೊಂಡ ಎಂಪಿ3. ಫೋನಿನ ಸ್ಪೀಕರಿನಲ್ಲೇ ಕೇಳಿದೆವು. ಎಲ್ಲರಿಗೂ ಬೇಜಾರಾಯಿತು. ‘ಇವನಿಗೇನಾಯ್ತು? ರಾಪ್ ಬಿಟ್ಟು ಅಳ್ತಾ ಇದಾನಲ್ಲ’ ಅಂದರು. 2007ರ ಅವನ ಆಲ್ಬಮ್ ‘ಗ್ರಾಜುಯೇಷನ್’ ನಮಗೆಲ್ಲ ಬಾಯಿಪಾಠ. ಜಿಮ್ಮಿಗೆ ಹೋಗುವಾಗ ಹಾಕಿಕೊಳ್ಳುವ ಹಾಡುಗಳು ಅವು. ಇದನ್ನು ಹಾಕಿಕೊಂಡು ಜಿಮ್ಮಿಗೆ ಹೋದರೆ ಡಂಬೆಲ್ ಕೆಳಗಿಟ್ಟು ಮನೆಗೆ ಬರಬೇಕಷ್ಟೇ.

ಒಂದು ವಿಷಯ ಆಗ ಗೊತ್ತಿರಲಿಲ್ಲ. ಫೋನಿನ ಸ್ಪೀಕರಿನಲ್ಲಿ ಈ ಆಲ್ಬಮ್ ಅರ್ಧ ಕೇಳಿಸುವುದೇ ಇಲ್ಲ. ಹೆಸರಿನಲ್ಲೇ ಇರುವ 808 ಅಂದರೆ ಜಪಾನಿನ ರೋಲ್ಯಾಂಡ್ ಕಂಪನಿಯ ಟಿಆರ್-808, ಡ್ರಮ್ ಬಾರಿಸುವ ಯಂತ್ರ. 1980ರಲ್ಲಿ ಬಂತು, 1983ಕ್ಕೆ ನಿಂತೇಹೋಯಿತು. ಮಾಡಿದ್ದೇ 12,000 ಚಿಲ್ಲರೆ. ನಿಜವಾದ ಡ್ರಮ್ಮಿನ ಹಾಗೆ ಕೇಳಿಸಲ್ಲ ಅಂತ ಜನ ಮೂಗು ಮುರಿದರು. ಆಮೇಲೆ ಅಮೆರಿಕದ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಕಡಿಮೆ ದುಡ್ಡಿಗೆ ಬಿದ್ದಿತ್ತು. ದುಡ್ಡಿಲ್ಲದ ಹುಡುಗರು ಅದನ್ನೇ ತಂದು ಹಿಪ್-ಹಾಪ್ ಕಟ್ಟಿದರು. ಅದರ ಬಾಸ್ ಡ್ರಮ್‌ನಲ್ಲಿ ‘ಡಿಕೇ’ ಅಂತ ಒಂದು ಗುಂಡಿ ಇದೆ. ಅದನ್ನು ತಿರುಗಿಸಿದರೆ ಪೆಟ್ಟು ಬಿದ್ದ ಮೇಲೂ ದನಿ ‘ದುಮ್’ ಅಂತ ನಿಲ್ಲದೆ ‘ದುಮ್ಮ್‌ಮ್‌ಮ್’ ಅಂತ ಎಳೆಯುತ್ತದೆ. ಅಷ್ಟು ಕೆಳಗಿನ ದನಿ ಅಂಗೈಯಷ್ಟಗಲದ ಫೋನಿಗೆ ಎಟುಕುವುದಿಲ್ಲ. ನಾವು ಹಾಸ್ಟೆಲ್ಲಿನಲ್ಲಿ ಕೇಳಿದ್ದು ಎದೆಬಡಿತ ತೆಗೆದ ಹಾಡುಗಳನ್ನ.

2013ರಲ್ಲಿ ಸ್ಟುಡಿಯೋ ಸೇರಿದ ಹೊಸತರಲ್ಲಿ, ರಾತ್ರಿ ಎಲ್ಲರೂ ಹೋದ ಮೇಲೆ, ದೊಡ್ಡ ಸ್ಪೀಕರಿನಲ್ಲಿ ಮತ್ತೆ ಹಾಕಿದೆ. ಮೊದಲನೇ ಹಾಡಿನಲ್ಲೇ ಮೇಜಿನ ಮೇಲಿದ್ದ ಟೀ ಲೋಟ ನಡುಗಿತು. ಕುರ್ಚಿ ಹಿಂದಕ್ಕೆ ತಳ್ಳಿ ಕೂತು ಪೂರ್ತಿ ಕೇಳಿದೆ.

ಕಾನ್ಯೆಯ ಕತೆ ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ತಾಯಿ ಡೊಂಡಾ ವೆಸ್ಟ್ ಶಿಕಾಗೋದಲ್ಲಿ ಇಂಗ್ಲಿಷ್ ಪ್ರೊಫೆಸರ್ ಆಗಿದ್ದವರು. ಒಬ್ಬನೇ ಮಗ. 2007ರ ನವೆಂಬರ್ 10ರಂದು, ಸೌಂದರ್ಯಕ್ಕಾಗಿ ಮಾಡಿಸಿಕೊಂಡ ಆಪರೇಷನ್ನಿನ ಮರುದಿನ, ತೀರಿಕೊಂಡರು. ಕೆಲವೇ ದಿನಗಳಲ್ಲಿ ಮಗ ಪ್ಯಾರಿಸ್ಸಿನ ವೇದಿಕೆ ಮೇಲೆ ಅಮ್ಮನ ಹಾಡು ಶುರುಮಾಡಿ ಕುಸಿದು ಅತ್ತ. ಮುಂದಿನ ಫೆಬ್ರವರಿಯಲ್ಲಿ ಗ್ರ್ಯಾಮಿ ವೇದಿಕೆಗೆ ಬಂದಾಗ ಅವನ ತಲೆಗೂದಲಿನಲ್ಲೇ ‘ಮಾಮಾ’ ಅಂತ ಕತ್ತರಿಸಿತ್ತು. ಅದೇ 2008ರಲ್ಲಿ ನಿಶ್ಚಿತಾರ್ಥವೂ ಮುರಿಯಿತು. ಅದಾದ ಮೇಲೆ ಹವಾಯಿಯ ಹೊನೊಲುಲುವಿಗೆ ಹೋಗಿ ಕೂತು, ಮೂರು ವಾರದ ಆಸುಪಾಸಿನಲ್ಲಿ ಆಲ್ಬಮ್ಮಿನ ಹೆಚ್ಚಿನ ಕೆಲಸ ಮುಗಿಸಿದ. (ಹವಾಯಿಯ ಫೋನ್ ಕೋಡ್ ಕೂಡ 808. ಹೇಗಿದೆ ನೋಡಿ.)

ಹಾಡಲು ಬಾರದವನು ಹಾಡಿದ. ಅದೇ ಎಲ್ಲರ ತಕರಾರು. ಮೊದಲ ವಾರ 4.5 ಲಕ್ಷ ಪ್ರತಿ ಮಾರಿ ಅಮೆರಿಕದ ಮಾರಾಟದ ಪಟ್ಟಿಯ ನೆತ್ತಿ ಹತ್ತಿತು ನಿಜ, ಆದರೆ ‘ಗ್ರಾಜುಯೇಷನ್’ ಮೊದಲ ವಾರದಲ್ಲಿ 9.5 ಲಕ್ಷ ಮಾರಿತ್ತು. ಅರ್ಧಕ್ಕರ್ಧ ಜನ ಹೊರಗೇ ನಿಂತರು. ಬರೆದವರು ಹೊಗಳಿದರೂ ಕೈ ಬಿಗಿ ಹಿಡಿದೇ ಹೊಗಳಿದರು. ಧೈರ್ಯ ಇದೆ, ಆದರೆ ಒಣ ಒಣ. ದುಃಖ ಇದೆ, ಆದರೆ ತನ್ನ ಬಗ್ಗೆಯೇ ಜಾಸ್ತಿ ಅಳುತ್ತಾನೆ. ಹೀಗೆ. ಎರಡನೇ ಮಾತಿಗೆ ನನ್ನದೂ ಒಪ್ಪಿಗೆ ಇದೆ. ಹುಡುಗಿಯ ಕಡೆಯ ಮಾತು ಈ ಹಾಡುಗಳಲ್ಲಿ ಒಂದು ಕಡೆಯೂ ಬರುವುದಿಲ್ಲ. ಅವಳು ಕಲ್ಲೆದೆಯವಳು, ರೋಬೋ, ಹಾಗೆ ಹೀಗೆ. ಕೇಳ್ತಾ ಕೇಳ್ತಾ ‘ನೀನೇನು ಮಾಡಿದ್ದೆ ಮಹಾರಾಯ?’ ಅಂತ ಕೇಳಬೇಕು ಅನಿಸುತ್ತದೆ.

ಆದರೆ ಜಾಸ್ತಿ ಬೈಗುಳ ಬಿದ್ದಿದ್ದು ಆಟೊ-ಟ್ಯೂನ್‌ಗೆ. ಅದರ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ನನ್ನ ಅನ್ನವೇ ಅದು.

ಆಟೊ-ಟ್ಯೂನ್ ಅನ್ನೋ ಸಾಫ್ಟ್‌ವೇರ್ 1997ರಲ್ಲಿ ಬಂತು. ಮಾಡಿದವರು ಆಂಡಿ ಹಿಲ್ಡೆಬ್ರಾಂಡ್. ಅದಕ್ಕೆ ಮೊದಲು ಅವರು ತೈಲ ಕಂಪನಿಗಳಿಗೆ ಕೆಲಸ ಮಾಡುತ್ತಿದ್ದರು. ನೆಲದೊಳಗೆ ಸಿಡಿಸಿ, ವಾಪಸ್ ಬರುವ ಕಂಪನ ನೋಡಿ ಎಣ್ಣೆ ಎಲ್ಲಿದೆ ಅಂತ ಹುಡುಕುವ ಲೆಕ್ಕ ಅದು. ಅದೇ ಜಾತಿಯ ಲೆಕ್ಕವನ್ನ ಮನುಷ್ಯನ ಗಂಟಲಿಗೆ ಹಾಕಿದರು. ಅದರಲ್ಲಿ ‘ರೀಟ್ಯೂನ್ ಸ್ಪೀಡ್’ ಅಂತ ಒಂದು ಗುಂಡಿ ಇದೆ. ಸ್ವರ ತಪ್ಪಿದರೆ ಹತ್ತಿರದ ಸರಿ ಸ್ವರಕ್ಕೆ ಎಷ್ಟು ಬೇಗ ಎಳೆಯಬೇಕು ಅಂತ ಹೇಳುವ ಗುಂಡಿ. ಲೆಕ್ಕ ಮಿಲಿಸೆಕೆಂಡಿನಲ್ಲಿ. 30, 40ಕ್ಕೆ ಇಟ್ಟರೆ ಯಾರಿಗೂ ಗೊತ್ತಾಗಲ್ಲ. ನೀವು ಟಿವಿಯಲ್ಲಿ ಕೇಳುವ ಎಷ್ಟೋ ಹಾಡುಗಳಲ್ಲಿ ಅದು ಹೀಗೆ ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ. ಸೊನ್ನೆಗೆ ತಂದರೆ ಎಳೆತ ಒಂದೇ ಏಟಿಗೆ ಆಗುತ್ತದೆ. ನಮ್ಮ ಸಂಗೀತದವರಿಗೆ ಹೇಳೋದಾದರೆ, ಗಮಕ ಸತ್ತೇ ಹೋಗುತ್ತದೆ. ಸ್ವರದಿಂದ ಸ್ವರಕ್ಕೆ ಜಾರುಬಂಡೆ ಇದ್ದ ಕಡೆ ಮೆಟ್ಟಿಲು ಬಂದು ಕೂರುತ್ತದೆ.

ಮೂರು ವರ್ಷದ ಹಿಂದೆ ನಮ್ಮಲ್ಲಿ ಒಂದು ಭಾವಗೀತೆಯ ರೆಕಾರ್ಡಿಂಗ್ ಇತ್ತು. ಹಾಡಿದ ಹೆಣ್ಣುಮಗಳ ತಂದೆ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಎರಡನೇ ಚರಣದಲ್ಲಿ ಒಂದು ಕಡೆ ಅವರ ದನಿ ಒಡೆಯಿತು. ಅರ್ಧ ಸೆಕೆಂಡೂ ಇಲ್ಲ. ಮತ್ತೆ ಹಾಡಿದರು, ಅಲ್ಲೇ ಒಡೆಯಿತು. ನಾಲ್ಕನೇ ಸಲ ನೀರು ಕುಡಿದು, ‘ಸಾರಿ’ ಅಂದು, ಹಾಡಿದರು. ಮತ್ತೆ ಅಲ್ಲೇ. ಪರದೆಯ ಮೇಲೆ ಸ್ವರ ಒಂದು ಗೆರೆಯಾಗಿ ಕಾಣುತ್ತದೆ. ಇಡೀ ಸಾಲು ನೇರವಾಗಿ ಬಂದು, ಆ ಜಾಗದಲ್ಲಿ ಮಾತ್ರ ಗೆರೆ ಸಣ್ಣ ಮಗು ಬರೆದ ಹಾಗೆ ಮೇಲೆ ಕೆಳಗೆ ಓಡಿತ್ತು. ದುಡ್ಡು ಹಾಕಿದವರು ‘ಅದೊಂದು ಸರಿ ಮಾಡಿಬಿಡಿ’ ಅಂದರು. ಅವರು ಹೋದ ಮೇಲೆ ನಾನು ಕುತೂಹಲಕ್ಕೆ ಗುಂಡಿಯನ್ನ ಸೊನ್ನೆಗೆ ತಂದು ಕೇಳಿದೆ. ಉಳಿದ ಸಾಲಿನ ನೇರ ಸ್ವರಗಳಲ್ಲಿ ಯಂತ್ರ ಇದ್ದೂ ಇಲ್ಲದ ಹಾಗಿತ್ತು. ದನಿ ಒಡೆದ ಕಡೆ ಬಂದ ತಕ್ಷಣ ಅದು ಕಿರುಚಿಕೊಂಡಿತು. ಎಲ್ಲಿಗೆ ಎಳೆಯಲಿ ಅಂತ ಗೊತ್ತಾಗದೆ ಈ ಸ್ವರಕ್ಕೂ ಆ ಸ್ವರಕ್ಕೂ ನೆಗೆದಾಡಿತು. ಆ ಅರ್ಧ ಸೆಕೆಂಡನ್ನ ಇಪ್ಪತ್ತು ಸಲ ಕೇಳಿರಬಹುದು.

ಆಗ ಕಾನ್ಯೆ ನೆನಪಾದ. ಶ್ರುತಿ ಶುದ್ಧವಾಗಿರುವವರ ದನಿಯಲ್ಲಿ ಈ ಯಂತ್ರಕ್ಕೆ ಹೆಚ್ಚು ಕೆಲಸ ಇರಲ್ಲ. ದನಿ ಎಷ್ಟು ತಪ್ಪುತ್ತದೋ ಅಷ್ಟು ಜೋರಾಗಿ ಯಂತ್ರ ಕೇಳಿಸುತ್ತದೆ. ವಿಮರ್ಶಕರು ಯಂತ್ರ ಜಾಸ್ತಿಯಾಯಿತು ಅಂದಾಗ ಅವರ ಕಿವಿಗೆ ಬಿದ್ದಿದ್ದು ಅವನ ತಪ್ಪಿದ ಶ್ರುತಿಯೇ. ಅಳುವವನನ್ನು ತೋಳು ಹಿಡಿದು ನಿಲ್ಲಿಸೋಕೆ ಯಾರೋ ಒದ್ದಾಡುತ್ತಿದ್ದಾರಲ್ಲ, ಆ ಒದ್ದಾಟದ ಸದ್ದು ಅದು.

ಭಾವಗೀತೆಯಲ್ಲಿ ಆ ಸಾಲನ್ನ 35ಕ್ಕೆ ಇಟ್ಟು ನೇರ ಮಾಡಿಕೊಟ್ಟೆ. ಯಾರಿಗೂ ಗೊತ್ತಾಗಲಿಲ್ಲ. ಹಾಡಿದವರು ಹೆಡ್‌ಫೋನಿನಲ್ಲಿ ಕೇಳಿದರು. ಆ ಜಾಗ ಬಂದಾಗ ನನ್ನ ಕಡೆ ಒಂದು ಸಲ ನೋಡಿದರು. ‘ಚೆನ್ನಾಗಿದೆ’ ಅಂದು ಹೊರಟುಹೋದರು.

ಸರಿ, ಹತ್ತನೇ ಹಾಡಿಗೆ ಬರೋಣ.

2008 ಲಿಲ್ ವೇಯ್ನ್‌ನ ವರ್ಷ. ನ್ಯೂ ಓರ್ಲಿಯನ್ಸ್‌ನವನು. ಜೂನ್‌ನಲ್ಲಿ ಬಂದ ಅವನ ‘ದ ಕಾರ್ಟರ್ 3’ ಒಂದೇ ವಾರದಲ್ಲಿ 10 ಲಕ್ಷದ ಗಡಿ ದಾಟಿತ್ತು. ಯಾರ ಹಾಡಿನಲ್ಲಿ ನೋಡಿದರೂ ಅವನೇ ಬಂದು ಒಂದು ಚರಣ ಉದುರಿಸಿ ಹೋಗುತ್ತಿದ್ದ. ಅವನದು ಗೊರಗೊರ ದನಿ, ಬೆಲ್ಲದ ಅಚ್ಚನ್ನ ಗೋಡೆಗೆ ಉಜ್ಜಿದ ಹಾಗೆ. ಅಂಥ ದನಿಯಲ್ಲಿ ಸ್ವರ ಯಾವುದು, ಬರೀ ಗದ್ದಲ ಯಾವುದು ಅಂತ ಯಂತ್ರಕ್ಕೇ ತಿಳಿಯುವುದಿಲ್ಲ. ಕಾನ್ಯೆಯ ದನಿಯಲ್ಲಿ ಅದು ಮೆಟ್ಟಿಲು ಹಾಕಿದರೆ ವೇಯ್ನ್‌ನ ದನಿಯಲ್ಲಿ ಮೆಟ್ಟಿಲಿಂದ ಜಾರಿ ಬೀಳುತ್ತದೆ. ಅದೂ ಅಲ್ಲದೆ ಆಲ್ಬಮ್ಮಿನ ಉಳಿದ ಹಾಡುಗಳಲ್ಲಿ ಎಷ್ಟು ಖಾಲಿ ಜಾಗ ಇದೆಯೋ ಇಲ್ಲಿ ಅಷ್ಟು ಗಿಜಿಗಿಜಿ. ಸಿಂತ್‌ಗಳು ಅನ್ನೋ ಎಲೆಕ್ಟ್ರಾನಿಕ್ ವಾದ್ಯಗಳು ಮೈಮೇಲೆ ಬೀಳುತ್ತವೆ. ಹೇಳುವುದಾದರೂ ಏನು? ನಿನಗೆ ಗೊತ್ತಿರುವವರಿಗೆಲ್ಲ ಹೇಳಿಬಿಡು, ನನಗೆ ನಿನ್ನ ಮೇಲೆ ಪ್ರೀತಿ ಗೀತಿ ಏನೂ ಉಳಿದಿಲ್ಲ ಅಂತ. ರಾತ್ರಿ ಎರಡು ಗಂಟೆಗೆ ಕಳಿಸಿ ಬೆಳಿಗ್ಗೆ ಅಳಿಸುವಂಥ ಮೆಸೇಜು.

ಆದರೆ ಹೆಸರು ನೋಡಿ. ಕೆಟ್ಟ ಕನಸಿನಲ್ಲಿ ಸಿಗೋಣ ಅನ್ನುತ್ತಾನೆ, ಸರಿ. ಯಾರ ಕನಸು? ನಿನ್ನದಲ್ಲ, ‘ನನ್ನ’ ಕೆಟ್ಟ ಕನಸು. ನಾಲ್ಕು ನಿಮಿಷ ನಿನ್ನನ್ನು ಮರೆತೆ ಅಂತ ಕೂಗಿ, ಹಣೆಪಟ್ಟಿಯಲ್ಲೇ ಮರೆತಿಲ್ಲ ಅಂತ ಬರೆದುಕೊಂಡಿದ್ದಾನೆ. ಅಂಗಿ ತಿರುಗಾಮುರುಗಾ ಹಾಕಿಕೊಂಡು ‘ನಾನು ಕುಡಿದಿಲ್ಲ’ ಅನ್ನುವವನ ಹಾಗೆ.

ವೇಯ್ನ್ ಹಾಡಿನೊಳಗೆ ತನ್ನದೇ ಮುರಿದ ಸಂಬಂಧದ ಬಗ್ಗೆ ಹಾಡುತ್ತಾನೆ. ನನ್ನ ಕಿವಿಗೆ ಮಾತ್ರ ಅವನು ಸ್ನೇಹಿತನ ಜೊತೆ ಬಂದವನು ಅಂತಲೇ ಕೇಳಿಸುತ್ತದೆ. ಅದಕ್ಕೆ ಕಾರಣ ಇದೆ.

2014ರಲ್ಲಿ ನನ್ನ ಮದುವೆ ಗೊತ್ತಾಗಿತ್ತು. ಛತ್ರಕ್ಕೆ ಅಡ್ವಾನ್ಸ್ ಕೊಟ್ಟಾಗಿತ್ತು. ಒಂದು ಭಾನುವಾರ ಹುಡುಗಿ ಫೋನ್ ಮಾಡಿ, ಬಹಳ ಮೆತ್ತಗೆ, ಬೇಡ ಅಂದಳು. ಅವಳ ತಪ್ಪು ಏನೂ ಇರಲಿಲ್ಲ. ಅದೇ ಕಷ್ಟ. ಬೈಯೋಕೆ ಯಾರಾದರೂ ಇದ್ದಿದ್ದರೆ ಸುಲಭ ಆಗುತ್ತಿತ್ತು. ಮೂರು ದಿನ ರೂಮಿನಲ್ಲಿ ಬಿದ್ದಿದ್ದೆ. ನಾಲ್ಕನೇ ದಿನ ತಿಪಟೂರಿನಿಂದ ನನ್ನ ಬಾಲ್ಯದ ಗೆಳೆಯ ಬಂದ. ಅವನಿಗೆ ಕೊಬ್ಬರಿ ವ್ಯಾಪಾರ, ಮಂಡಿಯಲ್ಲಿ ಕೂಗಿ ಕೂಗಿ ಗಂಟಲು ಯಾವತ್ತೂ ಕಟ್ಟಿರುತ್ತದೆ. ಹೆಗಲ ಚೀಲದಲ್ಲಿ ಅವರಮ್ಮ ಕೊಟ್ಟ ಕೊಬ್ಬರಿ ಮಿಠಾಯಿ ಇತ್ತು. ಟೆರೇಸಿಗೆ ಕರೆದುಕೊಂಡು ಹೋದ. ನಾನು ಎರಡು ಮಾತು ಹೇಳುವುದರೊಳಗೆ ಶುರುಮಾಡಿದ. ಅವಳೇನು ಮಹಾ, ಅವರಪ್ಪನೇನು ಮಹಾ, ಅವರ ಊರೇ ಸರಿಯಿಲ್ಲ, ಆ ಊರಿನ ನೀರೇ ಸರಿಯಿಲ್ಲ. ಅವಳ ಹೆಸರು ಕೂಡ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ, ಬೇರೆ ಯಾರದೋ ಹೆಸರು ಹಿಡಿದು ಬೈಯುತ್ತಿದ್ದ. ಕೆಳಗಿನ ಮನೆಯ ಓನರ್ ಮೇಲೆ ಬಂದು ‘ಏನ್ರೀ ಇದು’ ಅಂದರು. ನನಗೆ ಅವನ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ, ‘ಬಾಯಿ ಮುಚ್ಚೋ, ಅವಳು ಹಾಗಲ್ಲ’ ಅಂತ ನಾನೇ ಅವಳ ಪರ ಜಗಳಕ್ಕೆ ನಿಂತೆ. ಮೂರು ದಿನದಲ್ಲಿ ಮೊದಲ ಸಲ ಗಂಟಲಿನಿಂದ ದನಿ ಹೊರಟಿತ್ತು. ಅವನು ಮಲಗಿ ಗೊರಕೆ ಹೊಡೆಯೋಕೆ ಶುರುಮಾಡಿದ ಮೇಲೆ ನನಗೆ ಅಳು ಬಂತು.

ಆ ಆಲ್ಬಮ್ಮಿನಲ್ಲಿ ವೇಯ್ನ್ ಕಿರುಚಿ ಮುಗಿಸಿದ ಮೇಲೆ ಬರುವ ಹನ್ನೊಂದನೇ ಹಾಡು ‘ಕೋಲ್ಡೆಸ್ಟ್ ವಿಂಟರ್’. ಅದು ಹುಡುಗಿಯ ಮೇಲಲ್ಲ, ತೀರಿಹೋದ ಅಮ್ಮನ ಮೇಲೆ. ಇಡೀ ಆಲ್ಬಮ್ಮಿನಲ್ಲಿ ಅವನು ಬೇರೆಯವಳ ಮೇಲೆ ಅತ್ತ ಅಳುವೆಲ್ಲ ನಿಜಕ್ಕೂ ಯಾರಿಗೆ ಸೇರಿದ್ದು ಅಂತ ಅಲ್ಲಿ ಗೊತ್ತಾಗುತ್ತದೆ. ಆ ಹಾಡನ್ನು ಹೊಗಳದವರು ಕಡಿಮೆ. ಆದರೆ ಅದು ಅಷ್ಟು ನಿಶ್ಶಬ್ದವಾಗಿ ಎದೆಗೆ ಇಳಿಯೋದಕ್ಕೆ ಅದರ ಹಿಂದಿನ ನಾಲ್ಕು ನಿಮಿಷದ ಗಲಾಟೆಯೂ ಕಾರಣ ಅಂತ ನನಗೆ ಅನಿಸುತ್ತದೆ. ಒಂದೊಂದೇ ಹಾಡಿಗೆ ಅಂಕ ಹಾಕುತ್ತಾ ಹೋದರೆ ಹತ್ತನೆಯದಕ್ಕೆ ನಾನೂ ಹತ್ತಕ್ಕೆ ಐದು ಕೊಟ್ಟೇನು. ಸಾಲಿನಲ್ಲಿ ಕೂರಿಸಿ ಕೇಳಿದರೆ ಅದನ್ನ ಎಬ್ಬಿಸೋಕೆ ಆಗಲ್ಲ. ನಮ್ಮ ಹುಡುಗ ಶಫಲ್‌ನಲ್ಲಿ, ಸಾಲು ಕಲೆಸಿ ಕೇಳಿದ. ಅವತ್ತು ಅದಾದ ಮೇಲೆ ಬಂದಿದ್ದು ಇನ್ಯಾವುದೋ ಪಾರ್ಟಿ ಹಾಡು. ಅವನ ತಪ್ಪಿಲ್ಲ ಬಿಡಿ.

2009ರ ಫೆಬ್ರವರಿಯಲ್ಲಿ ಡೆತ್ ಕ್ಯಾಬ್ ಫಾರ್ ಕ್ಯೂಟಿ ಅನ್ನುವ ರಾಕ್ ಬ್ಯಾಂಡಿನವರು ಆಟೊ-ಟ್ಯೂನ್ ವಿರೋಧಿಸಿ ಎದೆಗೆ ನೀಲಿ ರಿಬ್ಬನ್ ಕಟ್ಟಿಕೊಂಡು ಗ್ರ್ಯಾಮಿಗೆ ಬಂದಿದ್ದರು. ಜೂನ್‌ನಲ್ಲಿ ರಾಪರ್ ಜೇ-ಝೀ ಆಟೊ-ಟ್ಯೂನ್ ಸತ್ತಿತು ಅಂತ ಹಾಡನ್ನೇ ಬಿಟ್ಟ. ತಮಾಷೆ ಅಂದರೆ ಆ ಹಾಡಿಗೆ ಸಂಗೀತ ಮಾಡಿದವನು ನೋ ಐ.ಡಿ., ಶಿಕಾಗೋದಲ್ಲಿ ಕಾನ್ಯೆಗೆ ಕೆಲಸ ಕಲಿಸಿದವನು, ಇದೇ 808 ಆಲ್ಬಮ್ಮಿನ ‘ಹಾರ್ಟ್‌ಲೆಸ್’ನಲ್ಲಿ ಜೊತೆ ಕೂತವನು. ಒಂದು ಕೈಯಲ್ಲಿ ತೊಟ್ಟಿಲು, ಇನ್ನೊಂದು ಕೈಯಲ್ಲಿ ಚಟ್ಟ. ಸತ್ತಿತು ಅಂದ ಯಂತ್ರ ಸಾಯಲಿಲ್ಲ. ಅದೇ ವರ್ಷ ಡ್ರೇಕ್ ಬಂದ, ಕಿಡ್ ಕಡಿ ತನ್ನ ಮೊದಲ ಆಲ್ಬಮ್ ತಂದ. ರಾಪ್ ಮಾಡುವವರು ಹಾಡುತ್ತಾ ಅಳುವುದು ಮಾಮೂಲಾಯಿತು. 2014ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ಹೊಸ ದಾರಿ ಹಾಕಿಕೊಟ್ಟ 40 ಆಲ್ಬಮ್‌ಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿತು. ಹೊರಗೆ ನಿಂತಿದ್ದವರೆಲ್ಲ ನಿಧಾನಕ್ಕೆ ಒಳಗೆ ಬಂದರು. ಹತ್ತನೇ ಹಾಡಿನ ಬಗ್ಗೆ ಮಾತ್ರ ಈಗಲೂ ಯಾರೂ ಜಾಸ್ತಿ ಮಾತಾಡುವುದಿಲ್ಲ.

ಕಾನ್ಯೆಯ ಬಗ್ಗೆ ಈಗ ಬರೆಯೋದೇ ಮುಜುಗರ, ಅದನ್ನೂ ಹೇಳಿಬಿಡುತ್ತೇನೆ. 2022ರಲ್ಲಿ ಯಹೂದಿಗಳ ಬಗ್ಗೆ ಅವನು ಆಡಿದ ಮಾತುಗಳನ್ನು ಓದಿ ಹೇಸಿಗೆಯಾಯಿತು. ಅಡಿಡಾಸ್ ಕೈಬಿಟ್ಟಿದ್ದು ಸರಿಯಾಗಿಯೇ ಇತ್ತು. ಒಂದು ವರ್ಷ ಅವನ ಯಾವ ಹಾಡನ್ನೂ ಹಾಕಲಿಲ್ಲ. ಈಗ ಈ ಒಂದು ಆಲ್ಬಮ್ ಮಾತ್ರ ಯಾವಾಗಲಾದರೂ ಕೇಳುತ್ತೇನೆ. ಸಮರ್ಥನೆ ಏನೂ ಇಲ್ಲ ನನ್ನ ಹತ್ತಿರ.

ಈ ಯುಗಾದಿಗೆ ತಿಪಟೂರಿಗೆ ಹೋಗಿದ್ದೆ. ಗೆಳೆಯನ ಕಾರಿನಲ್ಲಿ ಹೊಸದಾಗಿ ದೊಡ್ಡ ಸ್ಪೀಕರ್ ಹಾಕಿಸಿದ್ದಾನೆ. ‘ನೀನು ಸ್ಟುಡಿಯೋದವನು, ಟೆಸ್ಟ್ ಮಾಡು’ ಅಂದ. ನಾನು ಬೇಕಂತಲೇ ಈ ಹಾಡು ಹಾಕಿದೆ. ಮಂಡಿಯ ಮುಂದೆ ಕಾರು ನಿಲ್ಲಿಸಿಕೊಂಡು, ಕಾಫಿ ಲೋಟ ಕೈಯಲ್ಲಿ ಹಿಡಿದು, ಗಂಭೀರವಾಗಿ ಕೇಳಿದ. ಕಾನ್ಯೆ ಹಾಡುವಷ್ಟು ಹೊತ್ತು ಸುಮ್ನಿದ್ದ. ವೇಯ್ನ್ ಬಂದ ತಕ್ಷಣ ತಿರುಗಿದ.

‘ಇವನ್ಯಾರು, ಎರಡನೆಯವನು? ಕಪ್ಪೆ ವಟಗುಟ್ಟಿದ ಹಾಗೆ?’

‘ಫ್ರೆಂಡು’ ಅಂದೆ. ‘ಮೊದಲನೆಯವನಿಗೆ ಮದುವೆ ಮುರಿದಿದೆ. ಇವನು ಬಂದಿದ್ದಾನೆ.’

‘ಬೈತಾ ಇದಾನಾ?’

‘ಹೂಂ.’

‘ಹಂಗಾದ್ರೆ ಸರಿ’ ಅಂದು ಸೌಂಡು ಎರಡು ಗೀಟು ಜಾಸ್ತಿ ಮಾಡಿದ.